ಇನ್ನೂರ ಹನ್ನೆರಡು ಸಹಿ, ಒಂಬತ್ತು ಸೊನ್ನೆ

ಹಾಳೆಯಕ್ಕ ಆ ಶಾಲೆಯ ಮೆಟ್ಟಿಲನ್ನು ಮೊದಲ ಸಲ ಹತ್ತಿದ್ದು ಹದಿನೈದೇ ದಿನದ ಕೆಲಸಕ್ಕೆಂದು. ಕಚೇರಿಯ ಗುಮಾಸ್ತರು ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದರು. ಅವರು ಎದ್ದು ಓಡಾಡುವವರೆಗೆ ಬೆರಳಚ್ಚು ಬಲ್ಲವರೊಬ್ಬರು ಬೇಕಾಗಿತ್ತು. ಆಗ ಹಾಳೆಯಕ್ಕನಿಗೆ ಇಪ್ಪತ್ತೊಂಬತ್ತು ವರ್ಷ. ಆ ಹೆಸರಿನ್ನೂ ಅವರಿಗೆ ಬಿದ್ದಿರಲಿಲ್ಲ. ಕಂಕುಳಲ್ಲಿ ಒಂದು ಚೀಲ, ಕೈಯಲ್ಲಿ ಒಂದು ಛತ್ರಿ, ಮುಖದಲ್ಲಿ ಇಷ್ಟು ಭಯ. ಅಂದಿನ ಹೆಡ್ ಮಾಸ್ತರು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಎರಡು ಸಾಲಿನ ಒಂದು ಸೂಚನೆಯನ್ನು ಮುಂದಿಟ್ಟರು. “ಬರುವ ಶುಕ್ರವಾರ ಮಕ್ಕಳನ್ನು ಉದ್ಯಾನವನಕ್ಕೆ ಕರೆದೊಯ್ಯಲಾಗುವುದು. ಪೋಷಕರು ಸಹಕರಿಸಬೇಕು.”

ಐದು ನಿಮಿಷದಲ್ಲಿ ಅಚ್ಚಾಯಿತು. ಆದರೆ ಹಾಳೆಯಕ್ಕ ಕಾಗದವನ್ನು ಮೇಜಿನ ಮೇಲಿಟ್ಟವರು ಹೋಗದೆ ಅಲ್ಲೇ ನಿಂತರು.

“ಏನಮ್ಮ, ತಪ್ಪಿದೆಯಾ?” ಎಂದು ಹೆಡ್ ಮಾಸ್ತರು ಕೇಳಿದರು.

“ತಪ್ಪಿಲ್ಲ ಸಾರ್. ಆದ್ರೆ ಊಟದ ಡಬ್ಬಿ ತರಬೇಕಾ ಬೇಡ್ವಾ ಅಂತ ಇಲ್ಲ. ಎಷ್ಟೊತ್ತಿಗೆ ವಾಪಸ್ಸು ಅಂತ ಇಲ್ಲ. ಮಳೆ ಬಂದ್ರೆ ಏನು ಕಥೆ ಅಂತ ಇಲ್ಲ. ಸಹಕರಿಸಬೇಕು ಅಂದ್ರೆ ಅವರು ಏನು ಮಾಡಬೇಕು ಸಾರ್?”

ಹೆಡ್ ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. “ಇಪ್ಪತ್ತು ವರ್ಷದಿಂದ ‘ಸಹಕರಿಸಬೇಕು’ ಅಂತಲೇ ಬರೀತಾ ಬಂದಿದ್ದೀನಿ. ಹಾಗಂದ್ರೆ ಏನು ಅಂತ ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ. ಕೂತ್ಕೊಳ್ಳಿ, ನೀವೇ ಬರೀರಿ” ಎಂದರು.

ಹಾಗೆ ಹುಟ್ಟಿದ್ದು ಆ ಶಾಲೆಯ ವಾರದ ಹಾಳೆ. ಗುಮಾಸ್ತರ ಕಾಲು ಕೂಡಿತು. ಅವರು ಬೇರೆ ಶಾಲೆಗೆ ವರ್ಗವಾಗಿ ಹೋದರು. ಹದಿನೈದು ದಿನಕ್ಕೆಂದು ಬಂದವರು ಹತ್ತೊಂಬತ್ತು ವರ್ಷ ಉಳಿದರು.

ವಾರದ ಹಾಳೆಯೆಂದರೆ ದೊಡ್ಡ ಸಾಹಿತ್ಯವೇನಲ್ಲ. ಒಂದು ಕಾಗದದ ಎರಡು ಮಗ್ಗುಲು. ಬರುವ ವಾರ ಶಾಲೆ ಯಾವ ದಿನ ಎಷ್ಟು ಹೊತ್ತಿಗೆ ಬಿಡುತ್ತದೆ, ಯಾವ ತರಗತಿಗೆ ಬಣ್ಣದ ಪೆನ್ಸಿಲ್ ಬೇಕು, ಹಲ್ಲಿನ ಡಾಕ್ಟರು ಬರುವುದು ಎಂದು, ಸಿಕ್ಕ ವಸ್ತುಗಳು ಯಾವುವು. “ನೀಲಿ ನೀರಿನ ಬಾಟಲಿ ಮೂರು, ಎಡಗಾಲಿನ ಬೂಟು ಒಂದು. ಬಲಗಾಲಿನದು ಯಾರ ಮನೆಯಲ್ಲಿದೆಯೋ ಅವರು ದಯವಿಟ್ಟು ಕಚೇರಿಗೆ ಬನ್ನಿ.” ಮಕ್ಕಳ ತಲೆಯಲ್ಲಿ ಹೇನಾದಾಗ ಯಾರ ಮನಸ್ಸಿಗೂ ನೋವಾಗದಂತೆ ಬರೆಯುವುದರಲ್ಲಿ ಹಾಳೆಯಕ್ಕನದು ಪಳಗಿದ ಕೈ: “ಈ ವಾರ ಎಲ್ಲರ ತಲೆಯನ್ನೂ ಬಾಚಣಿಗೆಯಿಂದ ಚೆನ್ನಾಗಿ ಬಾಚಿರಿ, ದೊಡ್ಡವರ ತಲೆಯನ್ನೂ ಬಿಡಬೇಡಿ.” ಎರಡನೆಯ ಮಗ್ಗುಲಿನ ಕೆಳತುದಿಯಲ್ಲಿ ಚುಕ್ಕಿಗೆರೆ, ಅದರ ಕೆಳಗೆ, “ಈ ಹಾಳೆಯನ್ನು ಓದಿದ್ದೇನೆ” ಎಂಬ ಸಾಲು, ಮಗುವಿನ ಹೆಸರು, ತರಗತಿ, ಪೋಷಕರ ಸಹಿ. ಮನೆಯವರು ಆ ಚೀಟಿಯನ್ನು ಹರಿದು ಸಹಿ ಹಾಕಿ ಮಗುವಿನ ಕೈಯಲ್ಲಿ ಹಿಂದಕ್ಕೆ ಕಳಿಸಬೇಕು.

ಶುಕ್ರವಾರ ಹಾಳೆ ಹೋಗುತ್ತಿತ್ತು, ಸೋಮವಾರ ಚೀಟಿ ಬರುತ್ತಿತ್ತು. ಬಾರದ ಚೀಟಿಗಾಗಿ ಹಾಳೆಯಕ್ಕ ಮಂಗಳವಾರ ಬೆಳಿಗ್ಗೆ ಗೇಟಿನಲ್ಲೇ ನಿಂತು ಅಪ್ಪ ಅಮ್ಮಂದಿರ ಬೆನ್ನು ಹತ್ತುತ್ತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಶಾಲೆಯ ಇನ್ನೂರ ಹನ್ನೆರಡು ಮಕ್ಕಳ ಇನ್ನೂರ ಹನ್ನೆರಡು ಚೀಟಿಗಳೂ ಮೇಜಿನ ಮೇಲಿರಬೇಕು. ಅವನ್ನು ದಾರದಲ್ಲಿ ಕಟ್ಟಿ ಕಾಗದದ ಕೋಣೆಯಲ್ಲಿ ಜೋಡಿಸಿದ ಮೇಲೆಯೇ ಅವರಿಗೆ ಚಹಾ ರುಚಿಸುತ್ತಿದ್ದುದು.

ಕಳೆದ ವರ್ಷ ಹೊಸ ಹೆಡ್ ಮೇಡಂ ಬಂದರು. ಚುರುಕಿನವರು, ನಡೆಯುತ್ತಲೇ ಮಾತಾಡುವವರು. ಬಂದ ತಿಂಗಳಲ್ಲೇ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಅಕ್ಕ, ಇದನ್ನ ಯಾರು ಓದ್ತಾರೆ?” ಎಂದು ಕೇಳಿದರು.

“ಎಲ್ಲರೂ ಓದ್ತಾರೆ ಮೇಡಂ. ವಾರ ವಾರ ಇನ್ನೂರ ಹನ್ನೆರಡು ಸಹಿ ಬರುತ್ತೆ.”

“ಸಹಿ ಹಾಕೋದೇ ಬೇರೆ, ಓದೋದೇ ಬೇರೆ. ಈ ಪರೀಕ್ಷೆ ಮುಗೀಲಿ, ಆಮೇಲೆ ಇದನ್ನ ನಿಲ್ಲಿಸಿಬಿಡೋಣ. ಫೋನಿಗೆ ಎರಡು ಸಾಲು ಕಳಿಸಿದ್ರೆ ಆಯ್ತು.”

ಹತ್ತೊಂಬತ್ತು ವರ್ಷದ ಕೆಲಸವನ್ನು ಅವರು ಎರಡು ಸಾಲಿನಲ್ಲಿ ಮುಗಿಸಿಬಿಟ್ಟಿದ್ದರು. ಹಾಳೆಯಕ್ಕ ಆ ಸಂಜೆ ಮನೆಗೆ ಹೋದವರು ಒಲೆಯ ಮುಂದೆ ಸುಮ್ಮನೆ ನಿಂತುಬಿಟ್ಟರು. ಅವರ ಯಜಮಾನರು ಗಡಿಯಾರ ರಿಪೇರಿಯವರು; ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ಹೆಂಡತಿಯ ಮುಖ ಓದಬಲ್ಲವರು.

“ಏನೇ, ಹಾಲು ಉಕ್ಕುತ್ತಾ ಇದೆ, ನೀನು ನೋಡ್ತಾ ನಿಂತಿದ್ದೀಯ.”

“ನನ್ನ ಹಾಳೆ ಯಾರೂ ಓದಲ್ವಂತೆ ಕಣ್ರೀ.”

“ನಾನಂತೂ ಓದಿಲ್ಲಪ್ಪ.”

“ನಿಮ್ಮನ್ನ ಯಾರು ಕೇಳಿದ್ರು?”

“ಕೋಪ ಯಾಕೆ? ಗಡಿಯಾರ ನಡೀತಾ ಇದೆಯೋ ಇಲ್ವೋ ಅಂತ ಅನುಮಾನ ಬಂದ್ರೆ ನಾನು ಕಿವಿ ಹತ್ರ ಇಟ್ಕೊಂಡು ಕೇಳ್ತೀನಿ. ನೀನೂ ಕೇಳಿ ನೋಡು. ಹಾಳೆ ಮಧ್ಯದಲ್ಲಿ ಒಂದು ಸಾಲು ಸೇರಿಸು. ಓದಿದವರು ಸಹಿ ಪಕ್ಕದಲ್ಲಿ ಒಂದು ಸೊನ್ನೆ ಹಾಕಿ ಅಂತ. ಬಂದ ಸೊನ್ನೆಗಳನ್ನ ತಗೊಂಡು ಹೋಗಿ ನಿನ್ನ ಮೇಡಂ ಮುಂದೆ ಸುರಿ.”

ಹಾಳೆಯಕ್ಕನಿಗೆ ಹೋದ ಜೀವ ಬಂದಂತಾಯಿತು. ಆ ಶುಕ್ರವಾರದ ಹಾಳೆಯಲ್ಲಿ ಯಾರಿಗೂ ಹೇಳದೆ, ಬಣ್ಣದ ಪೆನ್ಸಿಲ್ಲಿಗೂ ಸಿಕ್ಕ ವಸ್ತುಗಳಿಗೂ ನಡುವೆ ಒಂದು ಸಾಲು ಸೇರಿಸಿದರು: “ಇಲ್ಲಿಯವರೆಗೆ ಓದಿದವರು ದಯವಿಟ್ಟು ತಮ್ಮ ಸಹಿಯ ಪಕ್ಕದಲ್ಲಿ ಒಂದು ಸಣ್ಣ ಸೊನ್ನೆ ಹಾಕಿ.” ಅದರ ಮೇಲಿನ ಸಾಲಿನಲ್ಲೇ ಆ ವಾರದ ಮುಖ್ಯ ಸೂಚನೆಯಿತ್ತು: “ಬುಧವಾರ ಶಿಕ್ಷಕರಿಗೆ ತರಬೇತಿ ಇರುವುದರಿಂದ ಶಾಲೆ ಮಧ್ಯಾಹ್ನ ಹನ್ನೆರಡಕ್ಕೇ ಬಿಡುತ್ತದೆ. ಮಕ್ಕಳನ್ನು ಕರೆದೊಯ್ಯಲು ಆ ಹೊತ್ತಿಗೆ ಬನ್ನಿ.” ಅಂದು ಶಿಕ್ಷಕರೆಲ್ಲ ಬೇರೆ ಶಾಲೆಗೆ ಹೋಗುವವರು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರೂ ಇರುವುದಿಲ್ಲ.

ಸೋಮವಾರ ಚೀಟಿಗಳು ಬರತೊಡಗಿದವು. ಮೊದಲ ಮೂವತ್ತರಲ್ಲಿ ಸೊನ್ನೆಯಿರಲಿಲ್ಲ. ಬೇಗ ಕೊಡುವವರು ಅವಸರದವರು, ನಿಧಾನವಾಗಿ ಓದುವವರು ನಿಧಾನವಾಗಿಯೇ ಕೊಡುತ್ತಾರೆ ಎಂದುಕೊಂಡರು. ಸಂಜೆಯ ಹೊತ್ತಿಗೆ ನೂರ ಎಪ್ಪತ್ತು ಚೀಟಿ, ಆರು ಸೊನ್ನೆ. ಮಂಗಳವಾರ ಹನ್ನೊಂದಕ್ಕೆ ಕೊನೆಯ ಚೀಟಿಯೂ ಬಂತು. ಹಾಳೆಯಕ್ಕ ಬಾಗಿಲು ಮುಂದೆ ಮಾಡಿಕೊಂಡು ಎಣಿಸಿದರು, ಮತ್ತೊಮ್ಮೆ ಎಣಿಸಿದರು, ಬೆರಳಿಗೆ ನೀರು ಹಚ್ಚಿಕೊಂಡು ಮೂರನೆಯ ಸಲ ಎಣಿಸಿದರು. ಇನ್ನೂರ ಹನ್ನೆರಡು ಸಹಿ, ಒಂಬತ್ತು ಸೊನ್ನೆ. ಹತ್ತನೆಯದೊಂದು ದುಂಡಗೆ ಕಂಡಿತ್ತು. ಬೆಳಕಿಗೆ ಹಿಡಿದು ನೋಡಿದರೆ ಅದು ಚಹಾದ ಲೋಟ ಇಟ್ಟ ಗುರುತು. ಒಬ್ಬ ತಂದೆ ಚೀಟಿಯನ್ನು ತಲೆಕೆಳಗಾಗಿ ಹಿಡಿದು ಸಹಿ ಮಾಡಿದ್ದರು. ಒಬ್ಬ ತಾಯಿ ಹಾಳೆಯನ್ನು ಚೀಟಿಯ ಸಮೇತ ಇಡಿಯಾಗಿ ಹಿಂದಕ್ಕೆ ಕಳಿಸಿದ್ದರು, ಮಡಿಕೆಯನ್ನು ಕೂಡ ಬಿಚ್ಚದೆ.

ಹತ್ತೊಂಬತ್ತು ವರ್ಷ ಅವರು ಒಂದೊಂದು ಪದವನ್ನೂ ಅಳೆದು ತೂಗಿ ಬರೆದಿದ್ದರು. ಪೂರ್ಣವಿರಾಮ ತಪ್ಪಿದರೆ ಇನ್ನೂರ ಹನ್ನೆರಡನ್ನೂ ಮತ್ತೆ ಅಚ್ಚು ಹಾಕಿಸಿದವರು ಅವರು. ಅಷ್ಟು ವರ್ಷ ಅವರು ಯಾರೊಡನೆ ಮಾತಾಡುತ್ತಿದ್ದರು? ಗೋಡೆಯೊಡನೆಯೇ?

ಚೀಟಿಗಳನ್ನು ಕಟ್ಟಿ ಒಳಗಿಟ್ಟುಬಿಟ್ಟರೆ ಮುಗಿಯಿತು. ಸೊನ್ನೆಯ ವಿಷಯ ಶಾಲೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಹಾಳೆ ಇನ್ನಷ್ಟು ದಿನ ಬದುಕುತ್ತದೆ. ದಾರವನ್ನು ಕೈಗೆ ತೆಗೆದುಕೊಂಡರು. ಆಗ ಸೊನ್ನೆಯ ಮೇಲಿನ ಸಾಲು ನೆನಪಿಗೆ ಬಂತು. ಓದಿದವರು ಒಂಬತ್ತೇ ಮನೆಯವರಾದರೆ, ನಾಳೆ ಹನ್ನೆರಡಕ್ಕೆ ಗೇಟಿಗೆ ಬರುವವರೂ ಒಂಬತ್ತೇ ಮನೆಯವರು. ಉಳಿದ ಇನ್ನೂರ ಮೂರು ಮಕ್ಕಳು?

ದಾರವನ್ನು ಅಲ್ಲೇ ಬಿಟ್ಟು, ಚೀಟಿಗಳನ್ನು ಮಡಿಲಿಗೆ ಹಾಕಿಕೊಂಡವರೇ ನೇರವಾಗಿ ಹೆಡ್ ಮೇಡಂ ಕೋಣೆಗೆ ನಡೆದರು.

“ಮೇಡಂ, ನೀವು ಹೇಳಿದ್ದೇ ಸರಿ” ಎಂದು ನಡೆದದ್ದನ್ನೆಲ್ಲ ಹೇಳಿದರು.

“ಎಷ್ಟು? ಒಂಬತ್ತಾ?”

“ಒಂಬತ್ತು. ಚಹಾದ ಲೋಟ ಸೇರಿಸಿದ್ರೆ ಹತ್ತು.”

ಹೆಡ್ ಮೇಡಂ ನಗಲಿಲ್ಲ. ಗೆದ್ದೆನೆಂಬ ಮುಖವನ್ನೂ ಮಾಡಲಿಲ್ಲ. ಅವರ ಕಣ್ಣು ಗೋಡೆಯ ಕ್ಯಾಲೆಂಡರಿನ ಬುಧವಾರದ ಮೇಲೆ ಹೋಗಿ ಅಲ್ಲೇ ನಿಂತಿತು. “ಅಯ್ಯೋ ಅಕ್ಕ. ನಾಳೆ ಹನ್ನೆರಡಕ್ಕೆ…”

“ಅದಕ್ಕೇ ಓಡಿ ಬಂದೆ.”

ಇಬ್ಬರೂ ಎರಡು ಫೋನು ಹಿಡಿದು ಕೂತರು. ದಾಖಲಾತಿ ಪುಸ್ತಕದ ನಂಬರುಗಳಲ್ಲಿ ಅರ್ಧ ಸತ್ತಿದ್ದವು. ಒಂದು ನಂಬರಿಗೆ ಯಾರೋ ಅಪರಿಚಿತ ಎತ್ತಿ, ತನಗಿನ್ನೂ ಮದುವೆಯೇ ಆಗಿಲ್ಲ, ಮಗು ಎಲ್ಲಿಂದ ಬರಬೇಕು ಎಂದು ಕೇಳಿದ. ಒಂದು ಗಂಟೆಯಲ್ಲಿ ಹತ್ತೊಂಬತ್ತು ಮನೆಗೆ ಸುದ್ದಿ ಮುಟ್ಟಿತು. ಇನ್ನೊಂದು ಕಾಗದ ಕಳಿಸೋಣವೆಂದು ಹೆಡ್ ಮೇಡಂ ಅಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಾಳೆಯಕ್ಕನಿಗೆ ಆಗ ಗೇಟಿನ ಚಿತ್ರ ಕಣ್ಣಿಗೆ ಕಟ್ಟಿತು. ಸಂಜೆ ಮಕ್ಕಳು ಹೊರಗೆ ಬಂದೊಡನೆ ಅಮ್ಮಂದಿರು ಮೊದಲು ಮಾಡುವ ಕೆಲಸ ಯಾವುದು? ಚೀಲವನ್ನು ಬಿಚ್ಚುವುದಲ್ಲ, ಮಗುವಿನ ಕೈ ಹಿಡಿಯುವುದು. ಹಿಡಿದ ಕೈಯನ್ನು ತಿರುಗಿಸಿ, “ಏನಿದು ಶಾಯಿ, ಏನಿದು ಮಣ್ಣು” ಎಂದು ಗದರುವುದು.

“ಮೇಡಂ, ಕೈ ಮೇಲೆ ಬರೆಯೋಣ” ಎಂದರು.

ಫೋನಿನಲ್ಲಿ ಸಿಕ್ಕವರ ಮಾತನ್ನೂ ನಂಬದೆ, ಅಂದು ಎರಡು ಗಂಟೆಯಿಂದ ಮೂರೂವರೆಯವರೆಗೆ ಹಾಳೆಯಕ್ಕ ತರಗತಿಯಿಂದ ತರಗತಿಗೆ ಹೋಗಿ ಮಕ್ಕಳ ಅಂಗೈ ಹಿಂಭಾಗದಲ್ಲಿ ಕಪ್ಪು ಪೆನ್ನಿನಿಂದ “ನಾಳೆ 12ಕ್ಕೆ ಬನ್ನಿ” ಎಂದು ಬರೆದರು. ಕಚಗುಳಿಯಿಟ್ಟಂತಾಗಿ ಮಕ್ಕಳು ಬಿದ್ದು ಬಿದ್ದು ನಕ್ಕರು. ಒಬ್ಬ ತನ್ನ ಎರಡೂ ಕೈಗೆ ಬೇಕೆಂದು ಹಟ ಮಾಡಿದ; ಒಂದು ಅಪ್ಪನಿಗೆ, ಒಂದು ಅಮ್ಮನಿಗೆ. ಆದರೆ ಸೊನ್ನೆ ಹಾಕಿದ ಒಂಬತ್ತು ಮನೆಯ ಮಕ್ಕಳ ಕೈಗೆ ಹಾಳೆಯಕ್ಕ ಬರೆಯಲಿಲ್ಲ. ಓದಿದವರಿಗೆ ಮತ್ತೆ ಕೈ ಮೇಲೆ ಬರೆದು ಕಳಿಸುವುದು ಅವಮಾನವೆಂದು ಅವರಿಗೆ ತೋರಿತು. ಹತ್ತೊಂಬತ್ತು ವರ್ಷದಲ್ಲಿ ತಮಗೆ ಸಿಕ್ಕ ಓದುಗರು ಅವರೇ ಒಂಬತ್ತು ಮಂದಿ. ಅವರಿಗಿಷ್ಟು ಮರ್ಯಾದೆ ಬೇಡವೇ?

ಮೂರನೇ ತರಗತಿಯಲ್ಲಿ ಇಸ್ತ್ರಿಯವರ ಮಗಳು ಸಾಲಿನಲ್ಲಿ ನಿಂತು ಕೈ ಚಾಚಿದಳು. ಅವಳ ತಾಯಿ ದೊಡ್ಡ ಆಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದಲ್ಲಿ ಇಸ್ತ್ರಿ ಕೆಲಸದವರು. ಮನೆಯಲ್ಲಿ ತಾಯಿ ಮಗಳು ಇಬ್ಬರೇ.

“ನಿನಗೆ ಬೇಡ ಕಣಮ್ಮ. ನಿಮ್ಮ ಮನೇಲಿ ಹಾಳೆ ಓದಿದ್ದಾರೆ” ಎಂದು ಹಾಳೆಯಕ್ಕ ಅವಳ ಕೆನ್ನೆ ತಟ್ಟಿದರು. ಮಗು ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಿತು.

ಕಚೇರಿಗೆ ಮರಳಿ ಮರುದಿನ ಗೇಟಿನಲ್ಲಿ ಹಿಡಿಯಬೇಕಾದ ಪಟ್ಟಿಯನ್ನು ಬರೆದರು. ಮಗುವನ್ನು ಮನೆಯವರು ಕರೆದೊಯ್ದೊಡನೆ ಹೆಸರಿನ ಮುಂದೆ ಟಿಕ್ ಹಾಕಬೇಕು. ಒಂಬತ್ತು ಹೆಸರುಗಳ ಮುಂದೆ ಹಾಳೆಯಕ್ಕ ಅಂದೇ ಕೆಂಪು ಶಾಯಿಯಲ್ಲಿ ಟಿಕ್ ಹಾಕಿಬಿಟ್ಟರು. ಅವರು ಬಾರದಿರುವುದುಂಟೇ?

ಬುಧವಾರ ಹನ್ನೆರಡಕ್ಕೆ ಐದು ನಿಮಿಷವಿರುವಾಗಲೇ ಗೇಟಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ನೌಕರಿಗೆ ಹೋಗುವವರ ಮಕ್ಕಳನ್ನು ಅಜ್ಜಿ ತಾತಂದಿರು, ಪಕ್ಕದ ಮನೆಯವರು ಕರೆದೊಯ್ಯಲು ಬಂದಿದ್ದರು. “ಕೈ ತೊಳೀತೀನಿ ಅಂದ್ರೆ ತೊಳೆಯೋಕೇ ಬಿಡ್ಲಿಲ್ಲ, ರಾತ್ರಿಯೆಲ್ಲಾ ಕೈ ಮೇಲೆತ್ತಿಕೊಂಡೇ ಮಲಗಿದ್ದ” ಎಂದು ಒಬ್ಬ ಅಜ್ಜಿ ಹೇಳಿದರು. ಗೇಟು ಕಾಯುವವರನ್ನು ಎಲ್ಲರೂ ಗೇಟಿನ ತಾತ ಎಂದೇ ಕರೆಯುವುದು. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಒಂದೊಂದೇ ಟಿಕ್ ಹಾಕಿದರು. ಹನ್ನೆರಡೂಕಾಲಿಗೆ ಪಟ್ಟಿಯ ಕೊನೆಯ ಹೆಸರಿಗೂ ಟಿಕ್ ಬಿತ್ತು.

“ಎಲ್ಲಾ ಆಯ್ತು ಅಕ್ಕ. ಒಂದೂ ಖಾಲಿ ಇಲ್ಲ” ಎಂದರು ತಾತ.

ಹೆಡ್ ಮೇಡಂ ವ್ಯಾನಿಗೆ ಹತ್ತುವ ಮುಂಚೆ ಹಾಳೆಯಕ್ಕನ ಭುಜ ಹಿಡಿದುಕೊಂಡರು. “ಒಂದು ಮಗುವೂ ಉಳೀಲಿಲ್ಲ ಅಕ್ಕ. ನೀವು ನನ್ನ ಮಾನ ಉಳಿಸಿದಿರಿ.” ಶಿಕ್ಷಕರನ್ನು ಹೊತ್ತ ವ್ಯಾನು ಹೊರಟಿತು. ಹಾಳೆಯಕ್ಕ ತರಗತಿಗಳ ಬಾಗಿಲಿಗೆ ಬೀಗ ಹಾಕಿಸಿ, ಕಾಗದದ ಕೋಣೆಯ ಚಿಲಕವನ್ನೂ ಎಳೆದು ಬೀಗ ಜಡಿದರು. ತಮ್ಮ ಊಟದ ಡಬ್ಬಿ ಬಿಚ್ಚಿ ಊಟ ಮಾಡಿದರು. ಎರಡು ಗಂಟೆಗೆ ಗೇಟು ಮುಚ್ಚಿ ತಾತನೂ ಅವರೂ ಹೊರಡುವುದೆಂದು ಮಾತಾಗಿತ್ತು.

ಒಂದೂ ಮುಕ್ಕಾಲಿಗೆ ಮೇಜು ಒರೆಸುವಾಗ ಆ ವಾರದ ಚೀಟಿಗಳ ಕಟ್ಟು ಅಲ್ಲೇ ಉಳಿದದ್ದು ಕಂಡಿತು. ನಾಳೆ ಇಟ್ಟರಾಯಿತೆಂದು ಚೀಲ ಹೆಗಲಿಗೇರಿಸಿದರು. ಬಾಗಿಲವರೆಗೆ ಹೋದರು. ಕಟ್ಟು ಮೇಜಿನ ಮೇಲೆ ಉಳಿದರೆ ರಾತ್ರಿ ನಿದ್ದೆ ಬಾರದೆಂದು ತಮಗೇ ಗೊತ್ತಿದ್ದುದರಿಂದ, ತಮ್ಮನ್ನು ತಾವೇ ಬೈದುಕೊಂಡು ಹಿಂದಿರುಗಿ, ಕಟ್ಟನ್ನೆತ್ತಿಕೊಂಡು ಕಾಗದದ ಕೋಣೆಯ ಬೀಗ ತೆಗೆದರು.

ಕಿಟಕಿಯಿಲ್ಲದ ಕೋಣೆ. ಬಾಗಿಲು ತೆರೆದೊಡನೆ ಒಳಗಿನ ಕತ್ತಲೆಯಿಂದ ಒಂದು ಸಣ್ಣ ದನಿ ಕೇಳಿತು.

“ಮೂರೂವರೆ ಆಯ್ತಾ ಅಕ್ಕ?”

ಹಾಳೆಯಕ್ಕನ ಕೈಯಿಂದ ಕಟ್ಟು ಬಿತ್ತು. ದಾರ ಬಿಚ್ಚಿ ಚೀಟಿಗಳೆಲ್ಲ ನೆಲದ ತುಂಬ ಚೆಲ್ಲಿದವು. ದೀಪದ ಗುಂಡಿಗಾಗಿ ಗೋಡೆಯನ್ನು ತಡಕಿದರು. ಹತ್ತೊಂಬತ್ತು ವರ್ಷ ಒತ್ತಿದ ಗುಂಡಿ ಬೆರಳಿಗೆ ಸಿಗಲಿಲ್ಲ. ಕೊನೆಗೆ ದೀಪ ಹತ್ತಿತು. ಕಾಗದದ ಕಟ್ಟುಗಳ ಹಿಂದೆ, ಮಡಿಲಲ್ಲಿ ಖಾಲಿ ಊಟದ ಡಬ್ಬಿ ಇಟ್ಟುಕೊಂಡು, ಇಸ್ತ್ರಿಯವರ ಮಗಳು ಕೂತಿದ್ದಳು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡಳು.

ಹಾಳೆಯಕ್ಕ ಕಟ್ಟುಗಳನ್ನು ಪಕ್ಕಕ್ಕೆ ಸರಿಸಿ ಅವಳ ಮುಂದೆ ಬಗ್ಗಿದರು. “ನೀನು… ಯಾವಾಗಿಂದ ಇಲ್ಲಿ?”

“ಬೆಲ್ ಹೊಡೆದಾಗಿಂದ.”

“ನಾನು ಬೀಗ ಹಾಕಿದಾಗ?”

“ಇಲ್ಲೇ ಇದ್ದೆ.”

“ಕೂಗಬಾರದಾ ಮಗಳೇ? ನಾನು ಬಾಗಿಲ ಹತ್ರವೇ ಇದ್ದೆನಲ್ಲ.”

“ಕೂಗಿದ್ರೆ ಅಮ್ಮನಿಗೆ ಫೋನ್ ಮಾಡ್ತೀರ. ಅಮ್ಮನ್ನ ಮೂರು ಗಂಟೆವರೆಗೆ ಕೆಲಸದಿಂದ ಬಿಡಲ್ಲ. ಹೋದ ತಿಂಗಳು ನನಗೆ ಜ್ವರ ಬಂದಾಗ ರಜೆ ಕೇಳಿದ್ಲು, ಆಮೇಲೆ ತುಂಬಾ ಅತ್ತಳು. ಅದಕ್ಕೇ ನಾನು ಹೇಳಲಿಲ್ಲ. ಮೂರೂವರೆವರೆಗೆ ಇಲ್ಲಿ ಕೂತಿದ್ದು ಆಮೇಲೆ ಗೇಟಿಗೆ ಹೋಗೋಣ ಅಂದ್ಕೊಂಡೆ. ದಿನಾ ಹೋಗೋ ಹಾಗೆ.”

ಹಾಳೆಯಕ್ಕ ಚೀಟಿಗಳ ಮೇಲೆಯೇ ಕುಸಿದು ಕೂತರು. “ಮತ್ತೆ ಸೊನ್ನೆ? ನಿಮ್ಮನೆ ಚೀಟಿಯಲ್ಲಿ ಸೊನ್ನೆ ಇತ್ತಲ್ಲಮ್ಮ?”

“ಅದು ನಾನೇ ಹಾಕಿದ್ದು. ಓದಿದವರು ಹಾಕಿ ಅಂತ ಬರೆದಿದ್ರಲ್ಲ. ನಾನೇ ತಾನೇ ಓದಿದ್ದು?”

“ಸಹಿ?”

“ಸಹಿ ಅಮ್ಮಂದೇ. ಅಮ್ಮನಿಗೆ ಅಷ್ಟೇ ಬರೆಯೋಕೆ ಬರೋದು. ಹಾಳೆ ನಾನು ಓದಿ ಹೇಳ್ತೀನಿ. ಬೂಟಿಂದು ಹೇಳ್ತೀನಿ, ಹಲ್ಲಿನ ಡಾಕ್ಟರದು ಹೇಳ್ತೀನಿ. ಅಮ್ಮನಿಗೆ ಬೇಜಾರಾಗೋದು ಇದ್ರೆ ಬಿಟ್ಟುಬಿಡ್ತೀನಿ.”

ಮಗು ಇದನ್ನು ಹೇಳಿದ ರೀತಿಯಲ್ಲಿ ಅಳುವಿರಲಿಲ್ಲ, ಅಂಜಿಕೆಯಿರಲಿಲ್ಲ. ಮನೆಯ ಹಿರಿಯರೊಬ್ಬರು ತಮ್ಮ ಹೊಣೆಗಾರಿಕೆಯನ್ನು ವಿವರಿಸಿದಂತಿತ್ತು. ಹಾಳೆಯಕ್ಕ ನೆಲದ ಮೇಲೆ ಚೆಲ್ಲಿದ ಚೀಟಿಗಳನ್ನು ನೋಡಿದರು. ಮೇಜಿನ ಮೇಲಿನ ಕಟ್ಟನ್ನು ನಾಳೆಗೆ ಬಿಟ್ಟಿದ್ದರೆ? ಮೂರೂವರೆಗೆ ತಾಯಿ ಮುಚ್ಚಿದ ಗೇಟಿನ ಹೊರಗೆ ನಿಂತಿರುತ್ತಿದ್ದರು, ಮಗು ಎರಡು ಬೀಗದ ಒಳಗೆ. ಕೂಗಿದರೂ ಕೇಳುವವರಿಲ್ಲ. ಪಟ್ಟಿಯನ್ನು ನೋಡಿದವರು ಏನೆನ್ನುತ್ತಿದ್ದರು? ಮಗುವನ್ನು ಮನೆಯವರು ಕರೆದುಕೊಂಡು ಹೋಗಿದ್ದಾರೆ, ಇಗೋ ಟಿಕ್ ಇದೆ, ಎನ್ನುತ್ತಿದ್ದರು. ಅದೂ ಕೆಂಪು ಶಾಯಿಯಲ್ಲಿ.

ಗೇಟಿನ ತಾತನಿಗೆ ವಿಷಯ ಹೇಳಿದಾಗ ಅವರು ಪಟ್ಟಿಯನ್ನು ತೆಗೆದು ನೋಡಿದರು, ಮಗುವನ್ನು ನೋಡಿದರು, ಮತ್ತೆ ಪಟ್ಟಿಯನ್ನು ನೋಡಿದರು. ಕುರ್ಚಿ ಹುಡುಕಿಕೊಂಡು ಕೂತು, “ಅಕ್ಕ, ಇನ್ನು ಕಾಲು ಗಂಟೆಯಲ್ಲಿ ನಾವಿಬ್ಬರೂ ಮನೆ ದಾರಿ ಹಿಡೀತಿದ್ವಲ್ಲ” ಎಂದರು.

ಮೂವರೂ ಕಚೇರಿಯಲ್ಲಿ ಕಾದರು. ಮೂರೂವರೆಗೆ ಸರಿಯಾಗಿ ಇಸ್ತ್ರಿಯವರು ಗೇಟಿನ ಹತ್ತಿರ ಬಂದು, ಖಾಲಿ ರಸ್ತೆಯನ್ನು ನೋಡಿ, ಗಕ್ಕನೆ ನಿಂತರು. ಕೈಯಲ್ಲಿ ಬಿಸಿ ತಗುಲಿದ ಹಳೆಯ ಗುರುತುಗಳು. ಬಟ್ಟೆಯಲ್ಲಿ ಸಾಬೂನಿನ ವಾಸನೆ. ಹಾಳೆಯಕ್ಕ ಮಗುವಿನ ಕೈ ಹಿಡಿದು ಹೊರಗೆ ಬಂದರು. ಕಾದಷ್ಟು ಹೊತ್ತೂ ಯೋಚಿಸಿದ್ದರು. ‘ಇವತ್ತು ಬೇಗ ಬಿಟ್ಟಿತ್ತು, ನಾನು ಕೂರಿಸಿಕೊಂಡಿದ್ದೆ’ ಎಂದರೆ ಸುಳ್ಳೂ ಅಲ್ಲ, ಯಾರಿಗೂ ನೋವೂ ಇಲ್ಲ. ಬಾಯಿ ತೆರೆದಾಗ ಬಂದದ್ದು ಬೇರೆ.

“ಅಮ್ಮ, ನಾನು ನಿಮ್ಮ ಮಗಳನ್ನ ಒಳಗೆ ಬಿಟ್ಟು ಬೀಗ ಹಾಕಿದ್ದೆ.”

ಇಸ್ತ್ರಿಯವರಿಗೆ ಅರ್ಥವಾಗಲಿಲ್ಲ. ಹಾಳೆಯಕ್ಕ ಒಂದನ್ನೂ ಬಿಡದೆ ಹೇಳಿದರು: ಹನ್ನೆರಡು ಗಂಟೆ, ಸೊನ್ನೆ, ಬರೆಯದೆ ಬಿಟ್ಟ ಕೈ, ಮುಂಚೆಯೇ ಹಾಕಿದ ಟಿಕ್, ಬೀಗ. ತಾಯಿಯ ಮುಖದ ಬಣ್ಣ ಇಳಿಯಿತು. ಮಗಳನ್ನು ತಮ್ಮ ಕಡೆಗೆ ಎಳೆದುಕೊಂಡು ತಲೆಯಿಂದ ಕಾಲಿನವರೆಗೆ ಮುಟ್ಟಿ ನೋಡಿದರು.

“ಓದಿ ಹೇಳಿದೆಯಲ್ಲೇ ನನಗೆ. ಬುಧವಾರದ್ದು ಯಾಕೆ ಹೇಳಲಿಲ್ಲ?”

“ನೀನು ಅಳ್ತೀಯ ಅಂತ.”

ಇಸ್ತ್ರಿಯವರು ಗೇಟಿನ ಸರಳು ಹಿಡಿದುಕೊಂಡರು. ಆಮೇಲೆ ಹಾಳೆಯಕ್ಕನ ಕಡೆ ತಿರುಗದೆಯೇ, “ನನಗೆ ಓದೋಕೆ ಬರಲ್ಲ ಅಂತ ಶಾಲೇಲಿ ಯಾರಿಗೂ ಗೊತ್ತಿರಲಿಲ್ಲ” ಎಂದರು.

“ನನಗೂ ಗೊತ್ತಿರಲಿಲ್ಲ. ಗೊತ್ತು ಮಾಡ್ಕೋಬೇಕಿತ್ತು.”

“ಹೇಳೋಕೆ ನಾಚಿಕೆ ಆಗ್ತಿತ್ತು. ಬಾಯಲ್ಲಿ ಒಂದು ಸಲ ಹೇಳಿದ್ರೆ ಸಾಕು ಅಕ್ಕ, ನಾನು ಸಾಯೋವರೆಗೂ ಮರೆಯಲ್ಲ. ಆಸ್ಪತ್ರೆಯ ಅಷ್ಟೂ ವಾರ್ಡಿನ ಬಟ್ಟೆ ಲೆಕ್ಕ ನನ್ನ ತಲೇಲೇ ಇದೆ. ಕಾಗದ ಕೊಟ್ರೆ ಮಾತ್ರ ಕೈ ನಡುಗುತ್ತೆ.” ಒಂದು ಹೆಜ್ಜೆ ಇಟ್ಟವರು ನಿಂತರು. “ಬೀಗದ ವಿಷಯ ನೀವು ಹೇಳದೇ ಇದ್ದಿದ್ರೆ ನನಗೆ ತಿಳೀತಾನೇ ಇರಲಿಲ್ಲ. ಹೇಳಿದಿರಲ್ಲ. ಅದಕ್ಕೆ ಏನನ್ನಬೇಕೋ ನನಗೆ ಇವತ್ತು ಗೊತ್ತಾಗ್ತಿಲ್ಲ. ಬಯ್ಯಬೇಕು ಅಂತಲೂ ಅನ್ನಿಸ್ತಿದೆ.”

“ಬಯ್ಯಿರಿ.”

“ನಾಳೆ ಬಯ್ತೀನಿ” ಎಂದು ಮಗಳ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಹೊರಟರು.

ಗುರುವಾರ ಬೆಳಿಗ್ಗೆ ಹಾಳೆಯಕ್ಕ ಕೆಂಪು ಟಿಕ್ಕಿನ ಪಟ್ಟಿಯನ್ನು ಹೆಡ್ ಮೇಡಂ ಮುಂದಿಟ್ಟರು. ಕೇಳುತ್ತಾ ಕೇಳುತ್ತಾ ಹೆಡ್ ಮೇಡಂ ಕುರ್ಚಿಯಿಂದ ಎದ್ದವರು ಕೂರಲೇ ಇಲ್ಲ. ಯಾವಾಗಲೂ ನಡೆಯುತ್ತಲೇ ಮಾತಾಡುವವರು ಅಂದು ನಿಂತಲ್ಲೇ ನಿಂತಿದ್ದರು. “ಒಂದು ಮಗುವೂ ಉಳೀಲಿಲ್ಲ ಅಂತ ನಾನೇ ಹೇಳಿ ವ್ಯಾನು ಹತ್ತಿದೆನಲ್ಲ” ಎಂದರು ಕೊನೆಗೆ. ಹಾಳೆಯಕ್ಕನ ಕಡತದಲ್ಲಿ ಒಂದು ಎಚ್ಚರಿಕೆ ಬರೆಯಬೇಕಾಯಿತು, ಬರೆದರು. ಅದರ ವಾಕ್ಯರಚನೆ ಸರಿಯಿಲ್ಲವೆಂದು ಹಾಳೆಯಕ್ಕ ತೋರಿಸಿ ತಿದ್ದಿಸಿದರು. ಇಬ್ಬರೂ ಸಹಿ ಹಾಕಿದರು, ಈ ಸಲ ಓದಿಯೇ.

“ಹಾಳೆ ನಿಲ್ಲಿಸಿಬಿಡೋಣ ಮೇಡಂ, ನನ್ನ ಅಡ್ಡಿ ಇಲ್ಲ” ಎಂದರು ಹಾಳೆಯಕ್ಕ. “ಆದ್ರೆ ಫೋನಿಗೆ ಎರಡು ಸಾಲು ಬರೆದು ಕಳಿಸಿದ್ರೂ ಅದು ಓದೋದೇ ಆಯ್ತಲ್ಲ. ಓದೋಕೆ ಬಾರದವರು ಎಷ್ಟು ಜನ ಇದ್ದಾರೋ, ಓದೋಕೆ ಬಿಡುವಿಲ್ಲದವರು ಎಷ್ಟೋ. ಬಾಯಲ್ಲಿ ಹೇಳೋಣ.”

ಈಗ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಹಾಳೆಯಕ್ಕ ಕಚೇರಿಯ ಬಾಗಿಲು ಮುಚ್ಚಿಕೊಂಡು ಫೋನಿನ ಮುಂದೆ ಕೂರುತ್ತಾರೆ. ಹೊಸ ನಂಬರುಗಳನ್ನೆಲ್ಲ ಅವರೇ ಗೇಟಿನಲ್ಲಿ ನಿಂತು, ಎದುರಿಗೇ ಒಮ್ಮೆ ರಿಂಗ್ ಮಾಡಿಸಿ ಬರೆದುಕೊಂಡಿದ್ದಾರೆ. ಎರಡು ನಿಮಿಷದ ಮಾತು; ಅದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಎಲ್ಲ ಮನೆಗೂ ಕಳಿಸುತ್ತಾರೆ. ಪೂರ್ಣವಿರಾಮ ಬಂದಲ್ಲಿ ಉಸಿರು ನಿಲ್ಲಿಸಿ ಮುಂದಕ್ಕೆ ಹೋಗುತ್ತಾರೆ. ನಡುವೆ ಯಾರಾದರೂ ಮಗು ಬಾಗಿಲು ಬಡಿದರೆ ಮೊದಲಿನಿಂದ ಮತ್ತೆ ಶುರು. ಓದಲು ಇಷ್ಟಪಡುವವರಿಗೆ ಒಂದೇ ಮಗ್ಗುಲಿನ ಹಾಳೆಯೂ ಹೋಗುತ್ತದೆ. ಕೆಳಗೆ ಸಹಿಯ ಚೀಟಿ ಇಲ್ಲ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಇಸ್ತ್ರಿ ಮೇಜಿನಿಂದ ಮನೆಗೆ ನಡೆಯುವ ದಾರಿಯಲ್ಲಿ ಅವರ ದನಿ ಕೇಳುತ್ತಿರುತ್ತದೆ. “ಅಕ್ಕ, ನೀವು ಒಂದೂ ಬಿಡದೆ ಎಲ್ಲಾ ಹೇಳಿಬಿಡ್ತೀರ” ಎಂದು ಈಗ ನಾಲ್ಕನೇ ತರಗತಿಯಲ್ಲಿರುವ ಇಸ್ತ್ರಿಯವರ ಮಗಳು ದೂರಿದ್ದಾಳೆ.

ಶಾಲೆ ಬೇಗ ಬಿಡುವ ದಿನಗಳಿಗೆ ಹೊಸದೊಂದು ಏರ್ಪಾಡು ಸೇರಿದೆ. ಬರಲಾಗದವರು ಬರಲಾಗದೆಂದು ಹೇಳಿದರೆ ಸಾಕು, ಕಾರಣ ಕೇಳುವುದಿಲ್ಲ. ಮಗು ಮೂರೂವರೆಯವರೆಗೆ ಕಚೇರಿಯಲ್ಲಿ ಕೂತಿರುತ್ತದೆ. ಹೋದ ಸಲ ಏಳು ಮಕ್ಕಳಿದ್ದರು. ಒಬ್ಬ ಕಚೇರಿಯ ಪೆನ್ಸಿಲುಗಳನ್ನೆಲ್ಲ ಬೆರಳುದ್ದಕ್ಕೆ ಕೆತ್ತಿಟ್ಟ, ಇಬ್ಬರು ಜಗಳವಾಡಿ ರಾಜಿಯಾದರು, ಒಬ್ಬಳು ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದಳು. ಕೊನೆಯ ಮಗುವನ್ನು ಅದರ ಅಪ್ಪನ ಕೈಗೆ ಕೊಟ್ಟು, ಅವರು ಹಿಡಿದುಕೊಂಡದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಹಾಳೆಯಕ್ಕ ಪಟ್ಟಿಯಲ್ಲಿ ಟಿಕ್ ಹಾಕಿದರು. ಆಮೇಲೆ ಕೋಣೆ ಕೋಣೆಗೂ ಹೋದರು. ದೀಪ ಹಾಕಿ, ಬಗ್ಗಿ ಬೆಂಚಿನ ಕೆಳಗೆ ನೋಡಿ, ಕಾಗದದ ಕಟ್ಟುಗಳ ಹಿಂದೆ ಇಣುಕಿ, “ಯಾರಾದ್ರೂ ಇದ್ದೀರಾ ಮಕ್ಕಳೇ?” ಎಂದು ಕೇಳಿ, ಉತ್ತರಕ್ಕಾಗಿ ಒಂದಿಷ್ಟು ಹೊತ್ತು ಕಾದು, ದೀಪ ಆರಿಸಿ ಬೀಗ ಹಾಕಿದರು.